ಹೊರಗೆ ಬಾರದ ಹಾಡಿನಲ್ಲಿ ದಿಂಬಣ್ಣ

ದಿಂಬಣ್ಣ ಸುಳ್ಳು ಹೇಳುವ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಈ ಕಥೆ ಅವನು ಹೇಳಿದ ಸುಳ್ಳಿನದು. ಜೀವಮಾನದಲ್ಲಿ ಹೇಳಿದ್ದು ಅದೊಂದೇ. ಅದನ್ನೂ ಬೇಕೆಂದು ಹೇಳಲಿಲ್ಲ; ಷಡ್ಡಕನ ಎದುರು ಊಟಕ್ಕೆ ಕೂತಿದ್ದಾಗ ಬಾಯಿಂದ ಜಾರಿತು. ಷಡ್ಡಕನ ಎದುರು ಕೂತವರ ಬಾಯಿಂದ ಏನೇನು ಜಾರುತ್ತದೆ ಎಂಬುದು ಷಡ್ಡಕ ಇರುವವರಿಗೆಲ್ಲ ಗೊತ್ತು.

ದಿಂಬಣ್ಣ ಎಂಬುದು ಹೆತ್ತವರು ಇಟ್ಟ ಹೆಸರೂ ಅಲ್ಲ. ನಾಲ್ಕು ಮಹಡಿಯ ಆ ಕಟ್ಟಡದ ಕೆಳಗೆ ಅವನದು ಹಾಸಿಗೆ ಅಂಗಡಿ, ಎರಡನೆಯ ಮಹಡಿಯಲ್ಲಿ ಮನೆ. ಬೆಳಿಗ್ಗೆ ಮೆಟ್ಟಿಲಿಳಿದು ಹತ್ತಿಯ ನಡುವೆ ಕೂತರೆ, ಸಂಜೆ ಎದ್ದು ಬರುವಾಗ ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಬೆಳ್ಳಗಾಗಿರುತ್ತಿದ್ದವು. ಎದುರಾದವರು ಅವನ ವಯಸ್ಸಿಗೆ ಇನ್ನೂ ಒಂದಷ್ಟು ಸೇರಿಸಿ ಗೌರವದಿಂದ ದಾರಿ ಬಿಡುತ್ತಿದ್ದರು. ಅವನು ಮನೆಗೆ ಬಂದು, ನಾಲ್ಕಾರು ಸಲ ಸೀನಿ, ಮುಖ ತೊಳೆದುಕೊಂಡ ಮೇಲೆ ತನ್ನ ವಯಸ್ಸಿಗೆ ವಾಪಸು ಬರುತ್ತಿದ್ದ.

ಮನೆಯಲ್ಲಿ ಹೆಂಡತಿಯ ಜೊತೆ ಮಾವನೂ ಇದ್ದರು. ಅವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು. ಇಲಾಖೆ ಅವರನ್ನು ಬಿಟ್ಟಿತೇ ಹೊರತು ಅವರು ಇಲಾಖೆಯನ್ನು ಬಿಟ್ಟಿರಲಿಲ್ಲ. ಅಡುಗೆಮನೆಯ ಕಿಟಕಿಗೆ ಒಂದು ಸ್ಪ್ರಿಂಗ್ ತಕ್ಕಡಿ ನೇತುಹಾಕಿದ್ದರು. ಅಂಗಡಿಯಿಂದ ಬಂದ ಸಕ್ಕರೆ, ಬೇಳೆ, ಸೋಪು ಎಲ್ಲವೂ ಅದರ ಕೊಕ್ಕೆಗೆ ಸಿಕ್ಕಿಯೇ ಒಳಗೆ ಹೋಗಬೇಕು. ಡಬ್ಬಿಯ ಮೇಲೆ ಬರೆದಷ್ಟು ಬೆಂಕಿಕಡ್ಡಿ ಇದೆಯೇ ಎಂದು ಎಣಿಸಿ ನೋಡುವವರು ಲೋಕದಲ್ಲಿ ಅವರೊಬ್ಬರೇ ಇರಬೇಕು. ಕಡಿಮೆ ತೂಕ ಹಿಡಿದ ಮನೆಯಲ್ಲಿ ನೀರೂ ಕುಡಿಯುವುದಿಲ್ಲ ಎಂಬುದು ಅವರ ಹಠ. ಬಟ್ಟೆ ಅಂಗಡಿ ಇಟ್ಟಿದ್ದ ಅವರ ಹಿರಿಯ ಅಳಿಯನ ಅಳತೆಕೋಲು ಒಮ್ಮೆ ಒಂದು ಬೆರಳಿನಷ್ಟು ಮೋಟಾಗಿದ್ದುದು ಸಿಕ್ಕಿಬಿದ್ದಿತ್ತು. ಅಂದಿನಿಂದ ಹಿರಿಯ ಮಗಳ ಮನೆಗೆ ಹೋದರೆ ಮಾವ ಬಾಟಲಿಯಲ್ಲಿ ತಮ್ಮ ನೀರು ತಮ್ಮ ಜೊತೆ ಒಯ್ಯುತ್ತಿದ್ದರು. ಆ ಹಿರಿಯ ಅಳಿಯನೇ ನಮ್ಮ ದಿಂಬಣ್ಣನ ಷಡ್ಡಕ.

ದಿಂಬಣ್ಣನಿಗೆ ಮಗಳನ್ನು ಕೊಟ್ಟದ್ದೂ ತೂಕ ನೋಡಿಯೇ. ತಪಾಸಣೆಗೆಂದು ಅಂಗಡಿಗೆ ಬಂದ ಮಾವ ಒಂದು ಹಾಸಿಗೆಯ ಹೊಲಿಗೆ ಬಿಚ್ಚಿಸಿ, ಹತ್ತಿಯನ್ನೆಲ್ಲ ಹೊರಗೆ ತೆಗೆಸಿ ತೂಗಿದರು. ಹೇಳಿದಷ್ಟೂ ಇತ್ತು. ಆ ಬೀದಿಯ ಹಾಸಿಗೆ ಅಂಗಡಿಗಳಲ್ಲಿ ಹೇಳಿದಷ್ಟು ಹತ್ತಿ ತುಂಬುವವನು ಇವನೊಬ್ಬನೇ ಎಂದು ಗೊತ್ತಾದ ಅವರು ಕೆಲವು ವರ್ಷದ ಮೇಲೆ ಮತ್ತೆ ಬಂದರು, ಈ ಸಲ ಮದುವೆಯ ಮಾತಿಗೆ. ಆದರೆ ಅಳಿಯನ ಮೇಲೆ ಅವರಿಗೆ ಒಂದು ದೂರು ಮಾತ್ರ ಹಾಗೆಯೇ ಉಳಿದಿತ್ತು. ತಪಾಸಣೆಯ ದಿನ ತೂಕ ಸರಿಯಾಗಿ ಬಂದ ಸಂತೋಷಕ್ಕೆ ಅವರು ಕೈಕುಲುಕಲು ಕೈ ಚಾಚಿದ್ದರು. ಈ ಮನುಷ್ಯ ಎರಡೂ ಕೈ ಜೋಲುಬಿಟ್ಟುಕೊಂಡು ಸುಮ್ಮನೆ ನಿಂತಿದ್ದನಂತೆ. ಸರ್ಕಾರಿ ಅಧಿಕಾರಿ ಚಾಚಿದ ಕೈ ಗಾಳಿಯಲ್ಲೇ ಉಳಿಯಿತಂತೆ. ಈ ಮಾತನ್ನು ಅವರು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಹೇಳಿದ ಮೇಲೆ, ಹೋಗಲಿ, ಹತ್ತಿ ಮಾತ್ರ ಪೂರ್ತಿ ಇತ್ತು ಎಂದು ಸೇರಿಸುತ್ತಿದ್ದರು.

ಇನ್ನು ಸುಳ್ಳಿನ ವಿಷಯ. ಆ ದಿನ ಊಟಕ್ಕೆ ಕೂತಿದ್ದಾಗ ಷಡ್ಡಕ ತನ್ನ ತಮ್ಮನ ಮಗ ಕೀಬೋರ್ಡ್ ನುಡಿಸುತ್ತಾನೆಂದೂ, ನಮ್ಮ ವಂಶದಲ್ಲೇ ಕಲೆ ಇದೆಯೆಂದೂ, ಕೆಲವರ ವಂಶದಲ್ಲಿ ಬರೀ ಹತ್ತಿ ಇರುತ್ತದೆಯೆಂದೂ ಹೇಳಿ ನಕ್ಕ. ದಿಂಬಣ್ಣನ ಹೆಂಡತಿ ತಲೆ ತಗ್ಗಿಸಿದಳು. ಅವಳ ತಗ್ಗಿದ ತಲೆ ನೋಡಿ ದಿಂಬಣ್ಣನಿಗೆ ಮೈಯೆಲ್ಲ ಉರಿಯಿತು. ನಾನೂ ಮದುವೆಗೆ ಮುಂಚೆ "ಏಳು ಬೀಗ" ಬ್ಯಾಂಡಿನಲ್ಲಿ ನುಡಿಸಿದ್ದೆ ಎಂದುಬಿಟ್ಟ. ಷಡ್ಡಕ ಯಾವ ಹಾಡು ಎಂದು ಕೇಳಿದ. ಅದು ಹೊರಗೆ ಬರಲಿಲ್ಲ ಎಂದ ದಿಂಬಣ್ಣ. ಮಾವ ಊಟ ನಿಲ್ಲಿಸಿ ಅವನನ್ನೇ ನೋಡಿದರು, ತಕ್ಕಡಿಯ ಮುಳ್ಳು ನಿಲ್ಲುವುದನ್ನು ಕಾಯುವವರ ಹಾಗೆ. ಹೊರಗೆ ಬಾರದ ಹಾಡನ್ನು ತೂಗುವುದು ಹೇಗೆ? ಅವರು ಊಟ ಮುಂದುವರಿಸಿದರು.

ನಿಜ ಏನೆಂದರೆ, ದಿಂಬಣ್ಣ ಅಲ್ಲಿ ಇದ್ದದ್ದು ಹೌದು. "ಏಳು ಬೀಗ" ಎಂಬ ಹೆಸರಿನ ಆ ನಾಲ್ಕು ಜನರ ತಂಡ ಒಂದು ಹಳೆಯ ಗೋದಾಮಿನಲ್ಲಿ ಹಾಡು ರೆಕಾರ್ಡ್ ಮಾಡುತ್ತಿತ್ತು. ಬರಿಯ ಗೋಡೆಗೆ ಸದ್ದು ಬಡಿದು ವಾಪಸು ಬರುತ್ತದೆಂದು ಗೋಡೆತುಂಬ ನೇತುಹಾಕಲು ಹಾಸಿಗೆ ತರಿಸಿದರು. ಹೊತ್ತು ತಂದವನು ಆಗಿನ್ನೂ ಮೀಸೆ ಸರಿಯಾಗಿ ಬಂದಿರದ ದಿಂಬಣ್ಣ. ಎಲ್ಲ ಹಾಸಿಗೆಗೂ ಮೊಳೆ ಸಿಕ್ಕಿತು. ಡ್ರಮ್ಮಿನ ಹಿಂದೆ ಕಬ್ಬಿಣದ ಬಾಗಿಲಿದ್ದುದರಿಂದ ಅಲ್ಲಿಯ ಡಬಲ್ ಹಾಸಿಗೆಗೆ ಮಾತ್ರ ಸಿಗಲಿಲ್ಲ. ಬ್ಯಾಂಡಿನ ಯಜಮಾನ ಅವನ ಕಡೆ ತಿರುಗಿ, ತಮ್ಮಾ, ಒಂದು ಹಾಡು ಮುಗಿಯೋವರೆಗೆ ಹಿಡ್ಕೊಂಡಿರ್ತೀಯಾ ಎಂದು ಕೇಳಿದ. ಒಂದು ಹಾಡು ತಾನೆ ಎಂದುಕೊಂಡ ದಿಂಬಣ್ಣ, ಹಾಸಿಗೆಯನ್ನು ತಲೆಯ ಮೇಲಕ್ಕೆ ಎತ್ತಿ ಬಾಗಿಲಿಗೆ ಒತ್ತಿ ನಿಂತ.

ಅವನಿಗೆ ಗೊತ್ತಿದ್ದದ್ದು ರೇಡಿಯೋದ ಹಾಡು. ಬರುತ್ತದೆ, ಎರಡು ಚರಣ, ಹೋಗುತ್ತದೆ. ಇವರದು ಪ್ರೋಗ್ರೆಸಿವ್ ರಾಕ್. ಅದು ನೆಂಟರು ಹೊರಡುವ ರೀತಿಯದು; ಬರ್ತೀವಿ ಎಂದು ಎದ್ದು, ಬಾಗಿಲವರೆಗೆ ಬಂದು, ಏನೋ ನೆನಪಾಗಿ ಮತ್ತೆ ಒಳಗೆ ಹೋಗಿ ಕೂರುತ್ತದೆ. ಆ ಹಾಡಿನ ಹೆಸರು "ಸಮುದ್ರದಡಿಯ ಅಂಚೆಕಚೇರಿ". ಸದ್ದು ಅಡಗಿದಾಗಲೆಲ್ಲ ದಿಂಬಣ್ಣ ಮುಗಿಯಿತೆಂದು ನಿಟ್ಟುಸಿರು ಬಿಟ್ಟ. ಬಿಟ್ಟಾಗಲೆಲ್ಲ ಕೊಳಲೋ ಗಿಟಾರೋ ಮತ್ತೆ ಶುರುವಾಯಿತು. ಇಪ್ಪತ್ತು ನಿಮಿಷ ದಾಟಿದ ಮೇಲೆ ಒಮ್ಮೆ ಎಲ್ಲ ವಾದ್ಯವೂ ಒಟ್ಟಿಗೆ ನಿಂತವು. ಈ ಸಲ ಖಂಡಿತ ಮುಗಿಯಿತು ಎಂದು ಅವನು ಕೈ ಬಿಟ್ಟ. ಮುಗಿದಿರಲಿಲ್ಲ. ಹಾಸಿಗೆ ಬಿದ್ದ ಸದ್ದಿಗೆ ಯಜಮಾನ ಕೂಗಿಕೊಂಡ. ದಿಂಬಣ್ಣ ಏನೋ ತೊದಲಿ, ಬಾಗಿಲು ತೆರೆದು, ಕೂಲಿಯನ್ನೂ ಕೇಳದೆ ಓಡಿಹೋದ. ಮುಂದಿನ ಒಂದು ವಾರ ಅವನು ತಲೆ ಬಾಚಲು ಬಾಚಣಿಗೆಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ, ತಲೆಯನ್ನು ಅದರ ಹತ್ತಿರ ಒಯ್ಯಬೇಕಾಯಿತು.

ಹಾಡು ಹೊರಗೆ ಬರಲಿಲ್ಲ. ತನ್ನಿಂದಲೇ ಹಾಳಾಯಿತೆಂದು ಅವನು ಆಮೇಲೆ ಎಷ್ಟೋ ದಿನ ಕೊರಗಿದ. ಸುಳ್ಳು ಹೇಳಿದ ಮೇಲೆ ಮಾತ್ರ, ಹೊರಗೆ ಬರದಿದ್ದದ್ದೇ ಒಳ್ಳೆಯದಾಯಿತು ಎನಿಸಿತು.

ಸುಳ್ಳು ಆ ಊಟದ ಮೇಜಿನಲ್ಲೇ ಸಾಯಬಹುದಿತ್ತು. ಷಡ್ಡಕ ಅದನ್ನು ಗೇಲಿ ಮಾಡಲೆಂದು ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ಹೇಳಿ ಹೋದ. ಕಟ್ಟಡದವರು ಗೇಲಿಯನ್ನು ಬಿಟ್ಟು ಸುದ್ದಿಯನ್ನು ಮಾತ್ರ ಇಟ್ಟುಕೊಂಡರು. ಏನು ನುಡಿಸುತ್ತಿದ್ದಿರಿ ಎಂದು ಕೇಳಿದರೆ ದಿಂಬಣ್ಣ, ಅದೆಲ್ಲ ಈಗ ಯಾಕೆ ಬಿಡಿ ಎನ್ನುತ್ತಿದ್ದ. ಅದನ್ನು ಅವರು ವಿನಯ ಎಂದುಕೊಂಡರು. ಮೂರನೆಯ ಮಹಡಿಯ ಟೈಲರ್ ಅಕ್ಕ ಅವನದು ಕೊಳಲೇ ಇರಬೇಕು, ತುಟಿ ನೋಡಿದರೆ ಗೊತ್ತಾಗುತ್ತದೆ ಎಂದಳು. ಕಟ್ಟಡದ ಸಂಘದ ಕಾರ್ಯದರ್ಶಿ ಅವನು ಹತ್ತಿ ಬಡಿಯುವ ಲಯ ಕೇಳಿ ಡ್ರಮ್ ಎಂದು ತೀರ್ಮಾನಿಸಿದ. ಹೆಂಡತಿ ಒಬ್ಬಳೇ ಏನನ್ನೂ ಕೇಳಲಿಲ್ಲ. ಅವತ್ತು ಊಟವಾದ ಮೇಲೆ ತಲೆಯೆತ್ತಿ ಅವನನ್ನು ಒಂದು ಸಲ ನೋಡಿದ್ದಳು, ಅಷ್ಟೇ. ಆ ನೋಟಕ್ಕಾಗಿ ಅವನು ಇನ್ನೂ ನಾಲ್ಕು ಸುಳ್ಳು ಹೇಳುತ್ತಿದ್ದನೋ ಏನೋ.

ಹೀಗೆ ವರ್ಷಗಳು ಕಳೆದ ಮೇಲೆ ನಾಲ್ಕನೆಯ ಮಹಡಿಗೆ ಒಬ್ಬ ಹಲ್ಲಿನ ಡಾಕ್ಟರ್ ಬಂದ. ಅವನು "ಏಳು ಬೀಗ"ದ ಹುಚ್ಚ. ಕ್ಲಿನಿಕ್ಕಿನಲ್ಲಿ ದಿನವಿಡೀ ಅವರದೇ ರೆಕಾರ್ಡು; ರೋಗಿಗಳ ಬಾಯಿ ತೆರೆದೇ ಇರುತ್ತಿದ್ದುದರಿಂದ ಬೇಡ ಎನ್ನುವವರಿರಲಿಲ್ಲ. ಒಂದು ದಿನ ದಿಂಬಣ್ಣ ದವಡೆ ಹಲ್ಲು ತೋರಿಸಲು ಹೋಗಿ ಕುರ್ಚಿಯಲ್ಲಿ ಮಲಗಿದ್ದಾಗ ಡಾಕ್ಟರ್ ಕೊರೆಯುವ ಯಂತ್ರ ನಿಲ್ಲಿಸಿ, ನೀವು ಅವರ ಜೊತೆ ನುಡಿಸಿದ್ದೀರಂತೆ, ನಿಜವೇ ಎಂದು ಕೇಳಿದ. ದಿಂಬಣ್ಣನ ಬಾಯಲ್ಲಿ ಹತ್ತಿ ಇತ್ತು. ಅವನು ಏನೋ ಗೊಣಗಿದ. ಡಾಕ್ಟರ್ ಅದನ್ನು ಹೌದು ಎಂದು ತಿಳಿದು ಮೊಣಕಾಲಿಗೆ ಕೈಯೂರಿ ಕೂತುಬಿಟ್ಟ. ಹೊರಗೆ ಬಾರದ ಹಾಡೆಂದರೆ ಸಮುದ್ರದಡಿಯ ಅಂಚೆಕಚೇರಿಯೇ ಇರಬೇಕು, ಅದನ್ನು ಕೇಳಿದವರು ಭೂಮಿಯ ಮೇಲೆ ಯಾರೂ ಇಲ್ಲ, ಅದರ ಬಗ್ಗೆ ಅಭಿಮಾನಿಗಳು ಜಗಳವಾಡಿ ಮಾತು ಬಿಟ್ಟಿದ್ದಾರೆ ಎಂದ. ಅಂದಿನ ಹಲ್ಲಿಗೆ ಅವನು ಫೀಸು ತೆಗೆದುಕೊಳ್ಳಲಿಲ್ಲ. ದಿಂಬಣ್ಣನಿಗೆ ಹಲ್ಲಿಗಿಂತ ಅದೇ ಹೆಚ್ಚು ನೋಯಿತು.

ಕೆಲವು ತಿಂಗಳ ಮೇಲೆ ಡಾಕ್ಟರ್ ಎರಡೆರಡು ಮೆಟ್ಟಿಲು ಹಾರುತ್ತಾ ಅಂಗಡಿಗೆ ಬಂದ. ಕೈಯಲ್ಲಿ ದಪ್ಪ ರಟ್ಟಿನ ಹೊಚ್ಚಹೊಸ ಆಲ್ಬಮ್. ಹೆಸರು "ಕೇಳಿದ್ದೂ ಕೇಳದ್ದೂ". ಒಂದು ರೆಕಾರ್ಡ್ ತಟ್ಟೆಯಲ್ಲಿ "ಏಳು ಬೀಗ"ದ ಜನಪ್ರಿಯ ಹಾಡುಗಳು, ಇನ್ನೊಂದರಲ್ಲಿ ಇಷ್ಟು ವರ್ಷ ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿದ್ದ ಅಪರೂಪದವು. ಎರಡನೆಯ ತಟ್ಟೆಯ ಒಂದು ಇಡೀ ಮಗ್ಗುಲು ಸಮುದ್ರದಡಿಯ ಅಂಚೆಕಚೇರಿ.

ದಿಂಬಣ್ಣನ ಕೈಯಲ್ಲಿದ್ದ ದೊಡ್ಡ ಸೂಜಿ ದಿಂಬನ್ನು ಬಿಟ್ಟು ಹೆಬ್ಬೆರಳಿಗೆ ಇಳಿಯಿತು. ಡಾಕ್ಟರ್ ಆ ಕಣ್ಣೀರನ್ನೂ ತಪ್ಪು ತಿಳಿದ.

ತಾನಿನ್ನೂ ಕೇಳಿಲ್ಲ, ಕೇಳಿದರೆ ನಿಮ್ಮ ಜೊತೆಯೇ ಎಂದು ಅವನು ಹೇಳಿದ್ದು ಮೆಟ್ಟಿಲೇರುವಷ್ಟರಲ್ಲಿ ಕಾರ್ಯದರ್ಶಿಯ ಕಿವಿಗೆ ಬಿತ್ತು. ಕಾರ್ಯದರ್ಶಿ ಎಂಥವನೆಂದರೆ, ಕಟ್ಟಡಕ್ಕೆ ಹೊಸ ನೀರಿನ ಪಂಪು ಬಂದಾಗಲೂ ಕುರ್ಚಿ ಹಾಕಿಸಿ ಮೈಕ್ ಕಟ್ಟಿಸಿ ಭಾಷಣ ಮಾಡಿದವನು. ಭಾನುವಾರ ಸಂಜೆ ಕೆಳಗಿನ ಹಾಲ್‌ನಲ್ಲಿ ಎಲ್ಲರೂ ಕೂತು ಕೇಳುವುದು, ದಿಂಬಣ್ಣನವರು ವೇದಿಕೆಯ ಮೇಲೆ ಇರುವುದು ಎಂದು ಗೊತ್ತುಮಾಡಿದ. ಷಡ್ಡಕನಿಗೂ ಕರೆ ಹೋಯಿತು.

ಮಾವ ಮಾತ್ರ ಅಡುಗೆಮನೆಯಿಂದ ತಕ್ಕಡಿ ಒರೆಸುತ್ತಾ ಬಂದು, "ಅಳಿಯಂದ್ರೇ, ಈಗಲಾದರೂ ತೂಕಕ್ಕೆ ಬಂತಲ್ಲ," ಎಂದರು.

ದಿಂಬಣ್ಣ ಅಲ್ಲಿಂದ ಭಾನುವಾರದವರೆಗೆ ಪಟ್ಟ ಪಾಡು ಅಷ್ಟಿಷ್ಟಲ್ಲ. ಹಾಲ್‌ನ ವೈರಿಂಗ್ ಸರಿಯಿಲ್ಲ ಎಂದು ಕಾರ್ಯದರ್ಶಿಗೆ ಹೇಳಿದ, ಅದೇನೂ ಸುಳ್ಳಲ್ಲ; ಕಾರ್ಯದರ್ಶಿ ಸಂಜೆಯೊಳಗೆ ಎಲೆಕ್ಟ್ರಿಷಿಯನ್ ಕರೆಸಿ ಹೊಸ ಪ್ಲಗ್ ಹಾಕಿಸಿದ. ಡಾಕ್ಟರ್ ಮನೆಗೆ ಎರಡು ಹೊಸ ದಿಂಬು ಒಯ್ದು, ರೆಕಾರ್ಡನ್ನು ಒಂದು ವಾರ ನನ್ನ ಬಳಿ ಇಟ್ಟುಕೊಳ್ಳಲೇ ಎಂದು ಕೇಳಿದ. ಡಾಕ್ಟರ್ ದಿಂಬು ಇಟ್ಟುಕೊಂಡ, ರೆಕಾರ್ಡ್ ಕೊಡಲಿಲ್ಲ. ಕೊನೆಗೆ ಹೆಂಡತಿಗೆ ನಿಜ ಹೇಳಿಬಿಡೋಣ ಎಂದು ಶನಿವಾರ ಅವಳ ಪಕ್ಕ ಕೂತ. ನೋಡೇ, ಆ ಹಾಡಿನಲ್ಲಿ ನಾನು ಅಂಥಾದ್ದೇನೂ ಮಾಡಿಲ್ಲ ಎಂದು ಶುರುಮಾಡಿದ. ಅವಳು ಅವನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಅವಳಿಗೆ ನಗು ಬಂತು. ನೀವು ಯಾವತ್ತೂ ನಿಮ್ಮನ್ನ ಹೊಗಳಿಕೊಂಡವರಲ್ಲ ರೀ ಎಂದು ಕಾಲರನ್ನು ಇನ್ನೊಂದು ಸಲ ತಿಕ್ಕಿದಳು. ಅವನು ಎದ್ದು ಅಂಗಡಿಗೆ ಇಳಿದುಹೋದ.

ಅವನಿಗೆ ಷಡ್ಡಕನ ನಗುವಿನ ಭಯವಿರಲಿಲ್ಲ. ಮಾವ ಮಾರನೆಯ ಬೆಳಿಗ್ಗೆ ತಕ್ಕಡಿ ಕಳಚಿ, ನೀರಿನ ಬಾಟಲಿ ತುಂಬಿಕೊಂಡು, ಎಲ್ಲಿಗಾದರೂ ಹೊರಟುಬಿಟ್ಟರೆ? ಹಿರಿಯ ಮಗಳ ಮನೆಯ ನೀರು ಆಗದು, ಈ ಮನೆಯದೂ ಆಗದೆಂದರೆ ಆ ವಯಸ್ಸಿನಲ್ಲಿ ಅವರು ಎಲ್ಲಿಗೆ ಹೋಗಬೇಕು? ಅಪ್ಪ ಬೈದುಕೊಂಡು ಸಕ್ಕರೆ ತೂಗುವ ಸದ್ದಿಲ್ಲದೆ ಇವಳಿಗೆ ಬೆಳಗಾಗುವುದು ಹೇಗೆ? ದಿಂಬಣ್ಣ ತಾನೇ ಹೊಲಿದ ಹಾಸಿಗೆಯ ಮೇಲೆ ಮಲಗಿ ಹೊರಳಾಡಿದ. ಹತ್ತಿ ಪೂರ್ತಿ ಇತ್ತು, ನಿದ್ದೆ ಮಾತ್ರ ಇರಲಿಲ್ಲ.

ಭಾನುವಾರ ಬಂತು. ಹಾಲ್ ತುಂಬಿತ್ತು. ವೇದಿಕೆಯ ಮೇಲೆ ಡಾಕ್ಟರನ ಪ್ಲೇಯರ್, ಪಕ್ಕದ ಕುರ್ಚಿಯಲ್ಲಿ ಇಸ್ತ್ರಿ ಅಂಗಿಯ ದಿಂಬಣ್ಣ. ಮೊದಲ ಸಾಲಿನಲ್ಲಿ ಮಾವ, ದಿಂಬಣ್ಣನ ಹೆಂಡತಿ, ಹಿಂದೆ ಕಾಲ ಮೇಲೆ ಕಾಲು ಹಾಕಿಕೊಂಡ ಷಡ್ಡಕ. ಕಾರ್ಯದರ್ಶಿ ಸ್ವಾಗತ ಭಾಷಣ ಮಾಡಿದ. ಡಾಕ್ಟರ್ ಮೊದಲ ತಟ್ಟೆಯನ್ನು ಪೂರ್ತಿ ಕೇಳದೆ ಎರಡನೆಯದು ಅರ್ಥವಾಗುವುದಿಲ್ಲ ಎಂದು ಹಠ ಹಿಡಿದ. ಅಷ್ಟು ಜನರೂ ಸೇರಿ ಒಂದು ಹಾಡಿಗೆ ಅವನನ್ನು ಒಪ್ಪಿಸಿದರು. ಆ ಹಾಡು ನಡುವೆ ಮೂರು ಸಲ ನಿಂತಿತು. ಪ್ರತಿ ಸಲವೂ ಜನ ಚಪ್ಪಾಳೆ ತಟ್ಟಿದರು, ಕಾರ್ಯದರ್ಶಿ ವಂದನಾರ್ಪಣೆಗೆ ಎದ್ದ, ಹಾಡು ಮತ್ತೆ ಶುರುವಾಯಿತು, ಕಾರ್ಯದರ್ಶಿ ಕೂತ. ಕೊನೆಗೆ ಹಾಡು ನಿಜವಾಗಿ ಮುಗಿದಾಗ ಯಾರೂ ನಂಬದೆ ಸುಮ್ಮನಿದ್ದರು.

ಎರಡನೆಯ ತಟ್ಟೆಯ ಮೇಲೆ ಮುಳ್ಳು ಇಡುವ ಮುಂಚೆ ಮಾವ ಕೈ ಎತ್ತಿ ತಡೆದರು. ಅಳಿಯಂದಿರು ಎಲ್ಲಿ ಬರುತ್ತಾರೆ ಎಂಬುದನ್ನು ಮೊದಲೇ ಹೇಳಬೇಕು, ಆಮೇಲೆ ಹೇಳಿದರೆ ಲೆಕ್ಕಕ್ಕಿಲ್ಲ ಎಂದರು. ಹಾಲ್ ಎಲ್ಲ ಕಿವಿಯಾಯಿತು. ದಿಂಬಣ್ಣ, "ಮೊದಲಿಂದ ಕೊನೇವರೆಗೂ ಇದೀನಿ ಮಾವ," ಎಂದ. ಅದು ಸುಳ್ಳಲ್ಲ. ಡಾಕ್ಟರ್ ಮಾತ್ರ, ಇಡೀ ಹಾಡಿನಲ್ಲಿ ಒಂದು ಕ್ಷಣವೂ ಬಿಡುವಿಲ್ಲದೆ ಎಂದು ಪಕ್ಕದವರಿಗೆ ವಿವರಿಸಿ ಕಣ್ಣೊರೆಸಿಕೊಂಡ.

ಹಾಡು ಶುರುವಾಯಿತು. ಕೊಳಲು ಬಂದಾಗ ಟೈಲರ್ ಅಕ್ಕ, ನಾನು ಹೇಳಲಿಲ್ಲವೇ ಎಂಬಂತೆ ಸುತ್ತ ನೋಡಿದಳು. ಡ್ರಮ್ ಬಂದಾಗ ಕಾರ್ಯದರ್ಶಿ ಅವಳ ಕಡೆ ನೋಡಿದ. ದಿಂಬಣ್ಣನಿಗೆ ಇದಾವುದೂ ಕಾಣಿಸಲಿಲ್ಲ. ಅವನ ತೋಳುಗಳಿಗೆ ಆ ಹಾಡು ಗೊತ್ತಿತ್ತು. ಸದ್ದು ಅಡಗಿದಲ್ಲೆಲ್ಲ ಅವು ಸಡಿಲವಾಗುತ್ತಿದ್ದವು, ಎದ್ದಲ್ಲೆಲ್ಲ ಬಿಗಿಯಾಗುತ್ತಿದ್ದವು. ಹಾಡು ಸಾಗಿದಂತೆ ಹಿಂದಿನ ಸಾಲಿನಲ್ಲಿ ಕೆಲವರು ತೂಕಡಿಸಿ, ಎದ್ದು, ಮತ್ತೆ ತೂಕಡಿಸಿದರು. ಕೊನೆಗೆ ಆ ಜಾಗ ಬಂತು. ಎಲ್ಲ ವಾದ್ಯವೂ ಒಟ್ಟಿಗೆ ನಿಂತವು. ದಿಂಬಣ್ಣ ಕಣ್ಣು ಮುಚ್ಚಿದ.

ಧುಪ್.

ಸದ್ದು ಎಷ್ಟು ದುಂಡಗೆ, ಎಷ್ಟು ಸರಿಯಾದ ಜಾಗದಲ್ಲಿ ಬಿತ್ತೆಂದರೆ, ತೂಕಡಿಸುತ್ತಿದ್ದವರೂ ನೆಟ್ಟಗೆ ಕೂತರು. ಡಾಕ್ಟರ್ ಕುರ್ಚಿಯಿಂದ ಎದ್ದೇಬಿಟ್ಟ. ಅದು ಅಂಚೆ ಮುದ್ರೆ, ಸಮುದ್ರದ ತಳದಲ್ಲಿ ಕೊನೆಯ ಕಾಗದದ ಮೇಲೆ ಬಿದ್ದ ಮುದ್ರೆ, ಇಡೀ ಹಾಡೇ ಆ ಒಂದು ಸದ್ದಿಗಾಗಿ ಕಾದಿತ್ತು ಎಂದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕಾರ್ಯದರ್ಶಿ ವಂದನಾರ್ಪಣೆಗೆ ಮೈಕ್ ಹಿಡಿದ. ದಿಂಬಣ್ಣ ಮೆಲ್ಲನೆ ಒಂದು ಕಣ್ಣು ತೆರೆದ. ಬದುಕಿಕೊಂಡೆ ಎನಿಸಿತು. ಹೆಂಡತಿ ಚಪ್ಪಾಳೆ ತಟ್ಟುತ್ತಿದ್ದಳು.

ರೆಕಾರ್ಡ್ ತಿರುಗುತ್ತಲೇ ಇತ್ತು. ಅದರೊಳಗಿಂದ ಒಬ್ಬ ಗಂಡಸಿನ ದನಿ ಹೊರಟಿತು.

"ಏಯ್ ಹಾಸಿಗೆಯವನೇ, ಯಾರಪ್ಪ ಬಿಡು ಅಂದಿದ್ದು? ಇನ್ನೂ ಒಂದು ಭಾಗ ಬಾಕಿ ಇದೆ."

ಅದರ ಹಿಂದೆಯೇ ಎಳೆಯ ದನಿಯೊಂದು, ಅಳುವುದಕ್ಕೆ ಒಂದೇ ಮೆಟ್ಟಿಲು ಬಾಕಿ ಇದ್ದದ್ದು: "ಮುಗೀತು ಅಂದ್ಕೊಂಡೆ ಸಾರ್. ಕೈ ಸೋತೋಯ್ತು ಸಾರ್. ಒಂದು ಹಾಡು ಇಷ್ಟುದ್ದ ಇರತ್ತೆ ಅಂತ ನಂಗೇನು ಗೊತ್ತು?" ಕಬ್ಬಿಣದ ಬಾಗಿಲು ಕಿರ್ರೆಂದಿತು. ಓಡುವ ಹೆಜ್ಜೆಯ ಸದ್ದು ಕೇಳಿಸಿತು.

ಆ ದನಿ ಯಾರದೆಂದು ಹಾಲ್‌ನಲ್ಲಿ ಯಾರೂ ಕೇಳಬೇಕಾಗಲಿಲ್ಲ. ಚಪ್ಪಾಳೆ ಅರ್ಧಕ್ಕೇ ನಿಂತಿತು. ಅಷ್ಟರಲ್ಲಿ ರೆಕಾರ್ಡಿನೊಳಗೆ ನಾಲ್ಕೂ ಜನ ಗೊಳ್ಳೆಂದು ನಕ್ಕರು. ಯಜಮಾನನ ದನಿ ಮತ್ತೆ ಬಂತು. "ಪಾಪ ಕಣ್ರೋ. ಓಡಿಹೋದನಲ್ಲ. ಕರೀರಿ, ಟೀ ಕುಡಿದು ಹೋಗ್ಲಿ." ಯಾರೋ ದೂರದಲ್ಲಿ, ತಮ್ಮಾ, ತಮ್ಮಾ ಎಂದು ಕೂಗಿದರು. ಅಲ್ಲಿಗೆ ಮುಳ್ಳು ಅಂಚಿಗೆ ಬಂದು ಎದ್ದಿತು.

ದಿಂಬಣ್ಣ ಅದನ್ನು ಕೇಳಿದ್ದು ಆಗಲೇ ಮೊದಲು. ಬೈಗುಳಕ್ಕೆ ಹೆದರಿ ಅವನು ಓಡಿದ್ದ. ಅವರು ಟೀಗೆ ಕರೆಯುತ್ತಿದ್ದರು. ಇಷ್ಟು ವರ್ಷ ಎದೆಯ ಮೇಲೆ ಇಟ್ಟುಕೊಂಡಿದ್ದ ಭಾರ ಇಳಿಯಿತು, ಅದರ ಜಾಗಕ್ಕೆ ಇನ್ನೊಂದು ಬಂದು ಕೂತಿತು. ಮಾವ ಎದ್ದು ನಿಂತಿದ್ದರು.

"ಅಳಿಯಂದ್ರೇ, ಏನು ನುಡಿಸಿದ್ರಿ?"

ದಿಂಬಣ್ಣನೂ ಎದ್ದು ನಿಂತ. "ಏನೂ ನುಡಿಸಲಿಲ್ಲ ಮಾವ. ಹಾಸಿಗೆ ಹಿಡ್ಕೊಂಡಿದ್ದೆ. ಅವತ್ತು ನುಡಿಸಿದ್ದೆ ಅಂತ ಹೇಳಿದ್ದು ಸುಳ್ಳು."

ಷಡ್ಡಕ ಕಾಲು ಕೆಳಗಿಳಿಸಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಹೆಂಡತಿ ತಲೆ ತಗ್ಗಿಸಲಿಲ್ಲ; ಅವಳು ಇನ್ನೂ ಪ್ಲೇಯರನ್ನೇ ನೋಡುತ್ತಿದ್ದಳು, ಆ ಹುಡುಗ ಮತ್ತೆ ಬಂದು ಮಾತಾಡುತ್ತಾನೋ ಎಂಬಂತೆ. ಡಾಕ್ಟರ್ ಮಾತ್ರ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಬ್ಯಾಂಡಿನವರು ಆಲ್ಬಮ್ಮಿನ ರಟ್ಟಿನ ಮೇಲೆ ಬರೆದಂತೆ, ಆಮೇಲೆ ಎಷ್ಟು ಸಲ ನುಡಿಸಿದರೂ ಗೋದಾಮಿನ ಪ್ರತಿಧ್ವನಿ ಹೋಗಲಿಲ್ಲವಂತೆ, ಅದಕ್ಕೇ ಹಾಡು ಕೈಬಿಟ್ಟರಂತೆ; ಒಂದು ಸಲ ಮಾತ್ರ ಹೇಗೆ ಚೊಕ್ಕವಾಗಿ ಬಂತೆಂದು ಅಭಿಮಾನಿಗಳಿಗೆ ಇವತ್ತಿನವರೆಗೂ ತಿಳಿದಿರಲಿಲ್ಲವಂತೆ ಎಂದು ಬಡಬಡಿಸಿದ. ಕಾರ್ಯದರ್ಶಿಗೆ ಇನ್ನೂ ಒಂದು ಭಾಗ ಬಾಕಿ ಇತ್ತೆಂಬ ಮಾತೇ ತಲೆಯಲ್ಲಿ ಕೂತಿತ್ತು. ಅದನ್ನು ತಡೆದದ್ದಕ್ಕಾಗಿ ಸಂಘದ ಪರವಾಗಿ ಅವನು ದಿಂಬಣ್ಣನಿಗೆ ಮನಸಾರೆ ಧನ್ಯವಾದ ಹೇಳಿದ.

ಮಾವ ಎಲ್ಲರನ್ನೂ ಸುಮ್ಮನಿರಿಸಿದರು. ಹಾಸಿಗೆ ಸಿಂಗಲ್ಲೋ ಡಬಲ್ಲೋ ಎಂದು ಕೇಳಿದರು. ಡಬಲ್. ಹತ್ತಿ ಪೂರ್ತಿಯೋ? ಪೂರ್ತಿ. ಎದೆಯ ಮಟ್ಟಕ್ಕೋ, ತಲೆಯ ಮೇಲಕ್ಕೋ? ತಲೆಯ ಮೇಲಕ್ಕೆ. ಬಾಯಿಮಾತು ಬೇಡ, ಅಂಥದೇ ಒಂದನ್ನು ಅಂಗಡಿಯಿಂದ ತನ್ನಿ ಎಂದರು. ತಂದರು. ಡಾಕ್ಟರೇ, ಹಾಡು ಮೊದಲಿಂದ ಹಾಕಿ ಎಂದರು. ಹಾಲ್‌ನಲ್ಲಿ ಒಂದು ನರಳಿಕೆ ಎದ್ದಿತು.

ನಗುತ್ತಿದ್ದವರಿಗೇ ಮೊದಲ ಅವಕಾಶ. ಷಡ್ಡಕ ಅಂಗಿಯ ತೋಳು ಮಡಚಿ, ಹಾಸಿಗೆ ಎತ್ತಿ ಗೋಡೆಗೆ ಒತ್ತಿದ. ಕೊಳಲು ಬರುವ ಮುಂಚೆಯೇ ಹಾಸಿಗೆ ಅವನನ್ನು ಒಳಗೆ ಹಾಕಿಕೊಂಡು ಕೆಳಗೆ ಬಂತು. ಇಬ್ಬರು ಸೇರಿ ಕಾಲು ಹಿಡಿದು ಎಳೆದರು. ಕಾರ್ಯದರ್ಶಿ ಡ್ರಮ್ಮಿನವರೆಗೆ ಬಂದ. ಡಾಕ್ಟರ್ ಭಕ್ತಿಯ ಬಲದಿಂದ ಇನ್ನಷ್ಟು ದೂರ ಹೋಗಿ, ಹಾಡು ಮೊದಲ ಸಲ ಅಡಗಿದಾಗ ತಾನೂ ಅಡಗಿದ.

ಆಗ ದಿಂಬಣ್ಣ, ಯಾರೂ ಹೇಳದೆ, ಇಸ್ತ್ರಿ ಅಂಗಿಯಲ್ಲೇ ಹೋಗಿ ಹಾಸಿಗೆ ಎತ್ತಿದ. ಮುಳ್ಳನ್ನು ಮತ್ತೆ ಮೊದಲಿಗೆ ಇಟ್ಟರು. ಅವನಿಗೀಗ ಐವತ್ತು ದಾಟಿತ್ತು. ಹಾಡು ಬಾಗಿಲವರೆಗೆ ಬಂತು, ಮತ್ತೆ ಒಳಗೆ ಹೋಗಿ ಕೂತಿತು. ಈ ಸಲ ಅವನು ಮೋಸಹೋಗಲಿಲ್ಲ. ಹತ್ತಿಯ ಧೂಳು ಉದುರಿ ಹುಬ್ಬು ಮೀಸೆ ಬೆಳ್ಳಗಾದವು, ಮೊಣಕೈ ನಡುಗಿತು, ಸೀನು ಬಂದು ಮೂಗಿನ ತುದಿಯಲ್ಲಿ ನಿಂತು ವಾಪಸು ಹೋಯಿತು. ಈಗ ಯಾರೂ ತೂಕಡಿಸಲಿಲ್ಲ. ಟೈಲರ್ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಎಲ್ಲ ವಾದ್ಯವೂ ಒಟ್ಟಿಗೆ ನಿಂತವು. ರೆಕಾರ್ಡಿನೊಳಗೆ ಹಾಸಿಗೆ ಧುಪ್ಪೆಂದು ಬಿತ್ತು. ಗೋಡೆಯ ಮೇಲಿನದು ಬೀಳಲಿಲ್ಲ. ಎಳೆಯ ದನಿ ಕ್ಷಮೆ ಕೇಳಿ ಓಡಿಹೋಯಿತು, ನಾಲ್ಕು ಜನ ನಕ್ಕರು, ಟೀಗೆ ಕರೆದರು, ಮುಳ್ಳು ಎದ್ದಿತು. ದಿಂಬಣ್ಣ ಹಿಡಿದೇ ಇದ್ದ. ಇನ್ನೂ ಒಂದು ಭಾಗ ಬಾಕಿ ಇತ್ತಲ್ಲ, ಅದನ್ನೂ ಹಿಡಿಯುವವನಂತೆ.

ಮಾವ ಹತ್ತಿರ ಬಂದು ಅವನ ಬೆನ್ನು ಮುಟ್ಟಿದರು. "ಇಳಿಸಿ ಅಳಿಯಂದ್ರೇ. ಮುಗೀತು."

ಮುಗಿಯಿತೆಂದು ಅವನಿಗೆ ಒಬ್ಬರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವನು ಹಾಸಿಗೆ ಇಳಿಸಿ ತಿರುಗಿದ. ಮಾವ ಬಲಗೈ ಚಾಚಿ ನಿಂತಿದ್ದರು.

ದಿಂಬಣ್ಣ ಆ ಕೈ ನೋಡಿದ. ತನ್ನ ಕೈಗೆ ಏಳು ಎಂದ. ಅದು ಏಳಲಿಲ್ಲ. ಎರಡೂ ತೋಳು ಜೋಲುಬಿದ್ದು, ಬೇರೆ ಯಾರದೋ ತೋಳುಗಳಂತೆ ಪಕ್ಕದಲ್ಲಿ ನಿಂತಿದ್ದವು. ಚಾಚಿದ ಕೈ ಗಾಳಿಯಲ್ಲೇ ಉಳಿಯಿತು. ಮಾವನ ಮುಖ ಹಳೆಯ ಅಭ್ಯಾಸದಿಂದ ಬಿಗಿಯತೊಡಗಿತು. ಆಮೇಲೆ ಅವರು ಹಾಸಿಗೆ ನೋಡಿದರು, ಜೋಲುಬಿದ್ದ ತೋಳು ನೋಡಿದರು, ಮತ್ತೆ ಹಾಸಿಗೆ ನೋಡಿದರು.

"ನಾನು ತಪಾಸಣೆಗೆ ಬಂದ ದಿನವೂ..." ಎಂದರು ಕೊನೆಗೆ.

"ಹೂಂ ಮಾವ. ಹಿಂದಿನ ದಿನ ತಾನೆ ಈ ಹಾಡು."

"ಹೇಳಬಾರದಿತ್ತೇನಪ್ಪ?"

"ಹೇಳಿದ್ರೆ ನಂಬ್ತಿದ್ರಾ?"

ಮಾವ ಯೋಚಿಸಿದರು. ಅವರೂ ಸುಳ್ಳು ಹೇಳುವ ಮನುಷ್ಯರಲ್ಲ. ಇಲ್ಲ ಎಂದು ತಲೆಯಾಡಿಸಿದರು. ಚಾಚಿದ ಕೈಯನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಆಗ ಹೆಂಡತಿ ಎದ್ದು ಬಂದಳು. ಸೆರಗಿನಿಂದ ಗಂಡನ ಹುಬ್ಬಿನ ಮೇಲಿನ ಹತ್ತಿ ಒರೆಸಿದಳು. ಅವನ ಬಲಗೈಯನ್ನು ಮಣಿಕಟ್ಟಿನಲ್ಲಿ ಹಿಡಿದು, ಮೇಲಕ್ಕೆತ್ತಿ, ಅಪ್ಪನ ಕೈಯಲ್ಲಿ ಇಟ್ಟಳು. ಮುದುಕ ಆ ಕೈಯನ್ನು ಹಿಡಿದು, ಕುಲುಕದೆ, ಅಂಗೈಯಲ್ಲೇ ಎರಡು ಸಲ ಮೇಲೆ ಕೆಳಗೆ ಆಡಿಸಿ ನೋಡಿದರು.

"ತೂಕ ಸರಿಯಾಗಿದೆ," ಎಂದರು.